ಆರ್ಥರ್ ಎನ್. ಟಾಲ್ಬಟ್

ಆರ್ಥರ್ ನ್ಯೂವೆಲ್ ಟಾಲ್ಬಟ್ (21 ಅಕ್ಟೋಬರ್ 1857 – 3 ಏಪ್ರಿಲ್ 1942) ಅಮೆರಿಕ ಸಂಯುಕ್ತ ಸಂಸ್ಥಾನದ ಸಿವಿಲ್ ಇಂಜಿನಿಯರ್ ಹಾಗೂ ಇಲಿನಾಯ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು. ರೈಲು ಹಳಿಯ ಕೆಳಗೆ ಹಾಸುವ ಜಲ್ಲಿಯ ಪದರದಲ್ಲಿಯೂ ಅದರಡಿಯ ಮಣ್ಣಿನಲ್ಲಿಯೂ ಚಕ್ರಗಳ ಭಾರ ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಪ್ರಯೋಗಗಳಿಂದ ಅಳೆದು, ಅದನ್ನು ಸೂತ್ರರೂಪಕ್ಕೆ ತಂದ ಕಾರಣಕ್ಕಾಗಿ ಇವರು ಪ್ರಸಿದ್ಧರು. ಬಲವರ್ಧಿತ ಕಾಂಕ್ರೀಟು, ಕೊಳಚೆ ನೀರಿನ ಶುದ್ಧೀಕರಣ ಹಾಗೂ ಮೋರಿಗಳ ವಿನ್ಯಾಸಗಳಲ್ಲಿಯೂ ಇವರ ಕೆಲಸ ಗಣನೀಯವಾದುದು. ರೈಲು ಮಾರ್ಗದ ತಳಪಾಯವನ್ನು ಅನುಭವ ಮತ್ತು ಅಂದಾಜಿನ ಮೇಲೆ ಕಟ್ಟುತ್ತಿದ್ದ ಕಾಲಕ್ಕೂ ಲೆಕ್ಕ ಹಾಕಿ ಕಟ್ಟುವ ಕಾಲಕ್ಕೂ ನಡುವಿನ ಕೊಂಡಿ ಇವರೆಂದು ಹೇಳಬಹುದು.

ಜನನ ಮತ್ತು ವಿದ್ಯಾಭ್ಯಾಸ

ಟಾಲ್ಬಟ್ಟರು ಇಲಿನಾಯ್ ರಾಜ್ಯದ ಕಾರ್ಟ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಅಂದು ಇಲಿನಾಯ್ ಇಂಡಸ್ಟ್ರಿಯಲ್ ಯೂನಿವರ್ಸಿಟಿ ಎಂಬ ಹೆಸರಿದ್ದ, 1885ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯವೆಂದು ನಾಮಾಂತರಗೊಂಡ ಸಂಸ್ಥೆಯಿಂದ 1881ರಲ್ಲಿ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದರು. ಮುಂದಿನ ನಾಲ್ಕು ವರ್ಷ ಕೊಲೊರಾಡೊ, ನ್ಯೂ ಮೆಕ್ಸಿಕೊ, ಕಾನ್ಸಾಸ್ ಮತ್ತು ಐಡಾಹೊ ಪ್ರಾಂತಗಳಲ್ಲಿ ರೈಲು ಮಾರ್ಗಗಳ ಸಮೀಕ್ಷೆ, ನಿರ್ಮಾಣ ಹಾಗೂ ನಿರ್ವಹಣೆಯ ಕೆಲಸ ಮಾಡಿದರು. ಕಾಲೇಜಿನಲ್ಲಿ ಕಲಿತ ಗಣಿತವು ಮಣ್ಣಿನ ಏರಿಯ ಮೇಲೆ ಎಷ್ಟು ದೂರ ಉಪಯೋಗಕ್ಕೆ ಬರುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದು ಅವರಿಗೆ ತಿಳಿದುದು ಈ ಅವಧಿಯಲ್ಲಿಯೇ ಇರಬೇಕು. ಅವರು ಮುಂದೆ ಕೈಗೆತ್ತಿಕೊಂಡ ಪ್ರಶ್ನೆಗಳೆಲ್ಲ ಬಯಲಿನಲ್ಲಿ ದುಡಿದವನಿಗೆ ಏಳುವ ಪ್ರಶ್ನೆಗಳೇ.

ಅಧ್ಯಾಪನ ಮತ್ತು ಆರಂಭದ ಸಂಶೋಧನೆ

1885ರಲ್ಲಿ ಟಾಲ್ಬಟ್ಟರು ತಾವು ಓದಿದ ವಿಶ್ವವಿದ್ಯಾಲಯಕ್ಕೇ ಅಧ್ಯಾಪಕರಾಗಿ ಹಿಂದಿರುಗಿದರು. 1890ರಲ್ಲಿ ನಗರ ಮತ್ತು ನೈರ್ಮಲ್ಯ ಇಂಜಿನಿಯರಿಂಗ್ ಪ್ರಾಧ್ಯಾಪಕರಾದರು. ಯಂತ್ರಶಾಸ್ತ್ರದ ಬೋಧನೆಯ ಹೊಣೆಯೂ ಅವರದೇ ಆಯಿತು. 1926ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ನೆಲೆನಿಂತರು.

ಮೊದಲ ವರ್ಷಗಳಲ್ಲಿ ಅವರು ನೀಡಿದ ಒಂದು ಸರಳ ಸೂತ್ರ ರೈಲ್ವೆಯವರಿಗೆ ಬಹಳ ಕಾಲ ನೆರವಾಯಿತು. ರೈಲಿನ ಏರಿಯು ಹಳ್ಳಕ್ಕೆ ಅಡ್ಡ ಬಂದಾಗ ನೀರು ಹರಿದುಹೋಗಲು ಮೋರಿಯನ್ನು ಎಷ್ಟು ಅಗಲ ಬಿಡಬೇಕು? ಕಿರಿದಾದರೆ ಮಳೆಗಾಲದಲ್ಲಿ ಏರಿಯೇ ಕೊಚ್ಚಿಹೋಗುತ್ತದೆ. ಅಗತ್ಯಕ್ಕಿಂತ ಹಿರಿದಾದರೆ ಹಣ ಪೋಲಾಗುತ್ತದೆ. ಹಳ್ಳಕ್ಕೆ ನೀರು ಬರುವ ಪ್ರದೇಶದ ವಿಸ್ತೀರ್ಣವನ್ನು ಎಕರೆಗಳಲ್ಲಿ ಹಿಡಿದು, ಅದರ ಮುಕ್ಕಾಲನೆಯ ಘಾತವನ್ನು ಕಂಡು, ನೆಲದ ಸ್ವಭಾವಕ್ಕೆ ತಕ್ಕ ಗುಣಾಂಕದಿಂದ ಗುಣಿಸಿದರೆ ಮೋರಿಯ ಬಾಯಿಯ ವಿಸ್ತೀರ್ಣ ಚದರ ಅಡಿಗಳಲ್ಲಿ ದೊರೆಯುತ್ತದೆ ಎಂಬುದು ಟಾಲ್ಬಟ್ಟರ ಸೂತ್ರ. ಕಡಿದಾದ ಕಲ್ಲುನೆಲಕ್ಕೆ ಗುಣಾಂಕ 1. ಏರಿಳಿತದ ಉಳುಮೆ ಭೂಮಿಗೆ ಸುಮಾರು ಮೂರನೆಯ ಒಂದು. ಉದಾಹರಣೆಗೆ 10,000 ಎಕರೆ ಉಳುಮೆ ಭೂಮಿಯ ನೀರಿಗೆ ಸುಮಾರು 333 ಚದರ ಅಡಿಯ ಬಾಯಿ ಬೇಕು. ಮಳೆಯ ತೀವ್ರತೆಯನ್ನು ಬೇರೆಯಾಗಿ ಗಣಿಸದ ಈ ಸೂತ್ರವನ್ನು ಇಂದು ಒರಟು ಅಂದಾಜಿಗೆ ಮಾತ್ರ ಬಳಸಬಹುದು.

ರೈಲು ನೇರ ಹಾದಿಯಿಂದ ತಿರುವಿಗೆ ಹಠಾತ್ತನೆ ಹೊರಳದೆ ಮೆಲ್ಲನೆ ಸಾಗುವಂತೆ ಮಾಡುವ ಸಂಕ್ರಮಣ ವಕ್ರರೇಖೆಯ ಬಗ್ಗೆಯೂ ಅವರು ಪುಸ್ತಕ ಬರೆದರು. 1890ರ ದಶಕದಲ್ಲಿ ಷಾಂಪೇನ್ ನಗರಕ್ಕಾಗಿ ಕೊಳಚೆ ನೀರಿನ ಸೆಪ್ಟಿಕ್ ಟ್ಯಾಂಕನ್ನು ರೂಪಿಸಿದರು. 1903ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಪ್ರಯೋಗ ಕೇಂದ್ರ ಸ್ಥಾಪನೆಯಾದಾಗ ಅದರ ಮೊದಲ ಪ್ರಕಟಣೆಯನ್ನು ಬರೆದವರು ಟಾಲ್ಬಟ್ಟರೇ. ಅದರ ವಿಷಯ ಬಲವರ್ಧಿತ ಕಾಂಕ್ರೀಟು ತೊಲೆಗಳ ಪರೀಕ್ಷೆ. 1923ರಲ್ಲಿ ಎಫ್. ಇ. ರಿಚರ್ಟ್ ಅವರೊಡನೆ ಪ್ರಕಟಿಸಿದ ಕಾಂಕ್ರೀಟಿನ ಅಧ್ಯಯನದಲ್ಲಿ, ದಪ್ಪ ಕಣಗಳನ್ನೂ ಸಣ್ಣ ಕಣಗಳನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣ ಬಿಗಿಯಾಗಿ ಕೂರುತ್ತದೆ ಎಂಬುದನ್ನು ತಿಳಿಸುವ ಸಮೀಕರಣವಿದೆ. ಕಾಂಕ್ರೀಟಿಗಾಗಿ ಹುಟ್ಟಿದ ಆ ಸಮೀಕರಣವನ್ನು ರಸ್ತೆ ಹಾಗೂ ರೈಲು ಹಾದಿಗಳ ತಳಪದರಗಳ ಗರಸನ್ನು ಆರಿಸುವಾಗಲೂ ಈಗ ಬಳಸುತ್ತಾರೆ.

ರೈಲು ಹಾದಿಯ ಒತ್ತಡಗಳ ಸಮಿತಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಉಗಿಬಂಡಿಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿದ್ದವು, ವೇಗವೂ ಹೆಚ್ಚುತ್ತಿತ್ತು. ಹಳಿಗಳು ಮುರಿಯುವುದು ಸಾಮಾನ್ಯವಾಯಿತು. 1911ರ ಆಗಸ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಎಂಬಲ್ಲಿ ಹಳಿ ಮುರಿದು ರೈಲು ಉರುಳಿದಾಗ 29 ಮಂದಿ ಸತ್ತರು. ತಪ್ಪು ಉಕ್ಕಿನದೋ, ಉಗಿಬಂಡಿಯ ಭಾರದ್ದೋ, ಹಳಿಯನ್ನು ಹೊತ್ತ ನೆಲದ್ದೋ? ರೈಲ್ವೆಯವರು ಉಕ್ಕಿನ ಕಾರ್ಖಾನೆಯವರತ್ತ ಕೈತೋರಿದರೆ ಅವರು ರೈಲ್ವೆಯವರತ್ತ ತೋರುತ್ತಿದ್ದರು. ವಾದವನ್ನು ಇತ್ಯರ್ಥಗೊಳಿಸಲು ಬೇಕಾದ ಅಳತೆಗಳು ಯಾರ ಬಳಿಯೂ ಸಾಕಷ್ಟು ಇರಲಿಲ್ಲ.

ಅಮೆರಿಕದ ಸಿವಿಲ್ ಇಂಜಿನಿಯರುಗಳ ಸಂಘ ಮತ್ತು ಅಮೆರಿಕನ್ ರೈಲ್ವೆ ಇಂಜಿನಿಯರಿಂಗ್ ಸಂಘಗಳು ಒಟ್ಟುಗೂಡಿ ರೈಲು ಹಾದಿಯಲ್ಲಿ ಉಂಟಾಗುವ ಒತ್ತಡಗಳನ್ನು ಅಧ್ಯಯನ ಮಾಡಲು ವಿಶೇಷ ಸಮಿತಿಯೊಂದನ್ನು ನೇಮಿಸಿದುದು ಈ ಹಿನ್ನೆಲೆಯಲ್ಲಿ. ಟಾಲ್ಬಟ್ಟರು ಅದರ ಅಧ್ಯಕ್ಷರಾದರು. ಮೊದಲ ವರದಿ 1918ರಲ್ಲಿಯೂ ಎರಡನೆಯದು 1920ರಲ್ಲಿಯೂ ಹೊರಬಂದವು. ಅವರ ಜೀವಿತದ ಕೊನೆಯ ವೇಳೆಗೆ ವರದಿಗಳ ಸಂಖ್ಯೆ ಏಳಕ್ಕೆ ಮುಟ್ಟಿತು. ಇವೆಲ್ಲವನ್ನೂ ಒಟ್ಟಾಗಿ ಟಾಲ್ಬಟ್ ವರದಿಗಳೆಂದೇ ಕರೆಯುವುದು ವಾಡಿಕೆ.

ಹಳಿಯು ಸ್ಥಿತಿಸ್ಥಾಪಕ ನೆಲದ ಮೇಲೆ ಮಲಗಿದ ಉದ್ದನೆಯ ತೊಲೆ ಎಂಬ ಕಲ್ಪನೆ ಟಾಲ್ಬಟ್ಟರದಲ್ಲ. ಎಮಿಲ್ ವಿಂಕ್ಲರ್ 1867ರಲ್ಲಿ ಅದನ್ನು ಮಂಡಿಸಿದ್ದರು. ಜರ್ಮನಿಯ ಜಿಮ್ಮರ್‌ಮನ್ 1888ರಲ್ಲಿ ಅದನ್ನು ರೈಲು ಹಾದಿಯ ಲೆಕ್ಕಕ್ಕೆ ಅಳವಡಿಸಿದ್ದರು. ಆದರೆ ಆ ನೆಲ ಎಷ್ಟು ಗಟ್ಟಿ ಎಂಬ ಸಂಖ್ಯೆಯಿಲ್ಲದಿದ್ದರೆ ಸಿದ್ಧಾಂತದಿಂದ ಉತ್ತರ ಬರುವುದಿಲ್ಲ. ಟಾಲ್ಬಟ್ಟರ ತಂಡ ನಿಜವಾದ ರೈಲು ಓಡುವ ಹಾದಿಗೇ ಹೋಗಿ ಈ ಸಂಖ್ಯೆಯನ್ನು ಅಳೆಯಿತು. ಇಲಿನಾಯ್ ಸೆಂಟ್ರಲ್ ರೈಲ್ವೆಯ ಹಾದಿ ಅವರ ಪ್ರಯೋಗಸ್ಥಳಗಳಲ್ಲಿ ಒಂದು. ಚಕ್ರ ಹಾಯ್ದಾಗ ಹಳಿ ಎಷ್ಟು ಕುಸಿಯಿತು, ಚಕ್ರದ ಮುಂದೆ ಎಷ್ಟು ಮೇಲೆದ್ದಿತು ಎಂಬುದನ್ನು ಗುರುತಿಸಿದರು. ಹಳಿಯ ಪಾದಕ್ಕೆ ಸ್ಟ್ರೆಮ್ಮಾಟೊಗ್ರಾಫ್ ಎಂಬ ಉಪಕರಣವನ್ನು ಬಿಗಿದು, ಉಕ್ಕು ಹಿಗ್ಗಿ ಕುಗ್ಗುವುದನ್ನು ಗಾಜಿನ ಬಿಲ್ಲೆಯ ಮೇಲೆ ಕೂದಲಿನಷ್ಟು ಸಣ್ಣ ಗೆರೆಗಳಾಗಿ ಪಡೆದು, ಸೂಕ್ಷ್ಮದರ್ಶಕದಡಿ ಅಳೆದರು. ಹಳಿಯನ್ನು ಒಂದು ಅಂಗುಲ ಕೆಳಗಿಳಿಸಲು ಹಾದಿಯ ಪ್ರತಿ ಅಂಗುಲ ಉದ್ದಕ್ಕೆ ಎಷ್ಟು ಭಾರ ಬೇಕು ಎಂಬ ಅಳತೆಯೇ ಹಾದಿಯ ಗಡಸುತನದ ಮಾನ. ಹಾದಿ ಚೆನ್ನಾಗಿದೆಯೇ ಕೆಟ್ಟಿದೆಯೇ ಎಂಬ ಮೇಸ್ತ್ರಿಯ ಮಾತಿನ ಬದಲಿಗೆ ಈಗ ಒಂದು ಅಂಕಿ ದೊರೆಯಿತು. ಆ ಅಂಕಿಯಲ್ಲಿ ಹಳಿಗಿಂತ ಹೆಚ್ಚಿನ ಪಾಲು ಸ್ಲೀಪರು, ಜಲ್ಲಿ ಹಾಗೂ ಮಣ್ಣಿನದು.

ಸ್ಲೀಪರಿನ ಕೆಳಗಿನ ಒತ್ತಡ

ಟಾಲ್ಬಟ್ಟರ ಹೆಸರನ್ನು ಇಂದಿಗೂ ಉಳಿಸಿರುವುದು 1920ರ ಎರಡನೆಯ ವರದಿ. ಚಕ್ರದ ಭಾರ ಹಳಿಗೆ, ಹಳಿಯಿಂದ ಸ್ಲೀಪರಿಗೆ, ಸ್ಲೀಪರಿನಿಂದ ಜಲ್ಲಿಗೆ, ಜಲ್ಲಿಯಿಂದ ಮಣ್ಣಿಗೆ ಇಳಿಯುತ್ತದೆ. ಉಕ್ಕು ತಾಳುವ ಒತ್ತಡದ ಸಣ್ಣದೊಂದು ಅಂಶವನ್ನೂ ಹಸಿ ಮಣ್ಣು ತಾಳಲಾರದು. ಆದ್ದರಿಂದ ಪ್ರತಿಯೊಂದು ಪದರವೂ ಭಾರವನ್ನು ಹೆಚ್ಚು ಅಗಲಕ್ಕೆ ಹರಡಿ ಕೆಳಗಿನ ಪದರಕ್ಕೆ ಒಪ್ಪಿಸಬೇಕು. ಜಲ್ಲಿ ಎಷ್ಟು ದಪ್ಪವಿದ್ದರೆ ಮಣ್ಣು ಬದುಕುತ್ತದೆ ಎಂಬುದೇ ಪ್ರಶ್ನೆ.

ಇದಕ್ಕೆ ಆ ಕಾಲದವರು ಕೊಡುತ್ತಿದ್ದ, ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣುವ ಉತ್ತರ ಸುಲಭವಾದುದು. ಭಾರವು ಸ್ಲೀಪರಿನ ಅಂಚಿನಿಂದ 45 ಡಿಗ್ರಿ ಓರೆಯಲ್ಲಿ ಹರಡುತ್ತದೆ ಎಂದು ಭಾವಿಸುವುದು. ಅಕ್ಕಪಕ್ಕದ ಸ್ಲೀಪರುಗಳಿಂದ ಹೊರಟ ಓರೆಗಳು ಕೂಡುವ ಆಳವೇ ಜಲ್ಲಿಯ ದಪ್ಪ. ಸ್ಲೀಪರಿನ ಅಗಲ 25 ಸೆಂ.ಮೀ., ಒಂದರ ನಡುವಿನಿಂದ ಮತ್ತೊಂದರ ನಡುವಿಗೆ 65 ಸೆಂ.ಮೀ. ಎಂದಿಟ್ಟುಕೊಂಡರೆ, ಉಳಿದ 40 ಸೆಂ.ಮೀ.ನ ಅರ್ಧ, ಅಂದರೆ 20 ಸೆಂ.ಮೀ. ಸಾಕು. ಆ ಆಳದಲ್ಲಿ ಒತ್ತಡವು ಎಲ್ಲೆಡೆ ಸಮವಾಗಿ ಹಂಚಿ, ಸ್ಲೀಪರಿನ ತಳದಲ್ಲಿದ್ದುದರ ನೂರಕ್ಕೆ 38ರಷ್ಟಕ್ಕೆ ಇಳಿದಿರುತ್ತದೆ ಎಂಬುದು ಇಲ್ಲಿನ ಊಹೆ.

ಟಾಲ್ಬಟ್ಟರ ತಂಡ ಪ್ರಯೋಗಶಾಲೆಯಲ್ಲಿ ಜಲ್ಲಿಯ ಹಾಸನ್ನು ನಿರ್ಮಿಸಿ, ಬೇರೆ ಬೇರೆ ಆಳಗಳಲ್ಲಿ ಒತ್ತಡ ಅಳೆಯುವ ಸಣ್ಣ ಲೋಹದ ಡಬ್ಬಿಗಳನ್ನು ಹೂತು, ಮೇಲಿನ ಸ್ಲೀಪರಿನ ಮೇಲೆ ಭಾರ ಹೇರಿ ನೋಡಿತು. ಒತ್ತಡವು ಸಮವಾಗಿ ಹರಡಲಿಲ್ಲ. ಸ್ಲೀಪರಿನ ನಡುಗೆರೆಯ ಕೆಳಗೆ ಅದು ದಿನ್ನೆಯಂತೆ ಎದ್ದು, ಎರಡೂ ಬದಿಗೆ ಇಳಿಜಾರಾಗುತ್ತಿತ್ತು. ಆಳಕ್ಕೆ ಹೋದಂತೆ ಆ ದಿನ್ನೆ ಚಪ್ಪಟೆಯಾಗುತ್ತಿತ್ತು. ದಿನ್ನೆಯ ನೆತ್ತಿಯ ಒತ್ತಡ ಎಷ್ಟೆಂಬುದಕ್ಕೆ ಅವರು ಈ ಸೂತ್ರ ಕೊಟ್ಟರು: ಸ್ಲೀಪರಿನ ತಳದ ಸರಾಸರಿ ಒತ್ತಡವನ್ನು 16.8ರಿಂದ ಗುಣಿಸಿ, ಅಂಗುಲಗಳಲ್ಲಿ ಅಳೆದ ಆಳದ 1.25ನೆಯ ಘಾತದಿಂದ ಭಾಗಿಸುವುದು. ಇದು ಸುಮಾರು 4ರಿಂದ 30 ಅಂಗುಲದ ಆಳಕ್ಕೆ ಮಾತ್ರ ಅನ್ವಯಿಸುತ್ತದೆ.

ವಿದ್ಯಾರ್ಥಿಗಳು ಈ ಸೂತ್ರವನ್ನು ಒಮ್ಮೆ ಕೈಯಾರೆ ಲೆಕ್ಕಹಾಕಿ ನೋಡುವುದು ಒಳ್ಳೆಯದು. 8 ಅಂಗುಲ, ಅಂದರೆ 20 ಸೆಂ.ಮೀ. ಆಳದಲ್ಲಿ ಉತ್ತರ 1.25 ಎಂದು ಬರುತ್ತದೆ. ಒತ್ತಡ ಕಡಿಮೆಯಾಗುವ ಬದಲು ಸ್ಲೀಪರಿನ ತಳದ ಸರಾಸರಿಗಿಂತ ಕಾಲು ಭಾಗ ಹೆಚ್ಚೇ ಇದೆ! 12 ಅಂಗುಲಕ್ಕೆ ಅದು 0.75, 18 ಅಂಗುಲಕ್ಕೆ 0.45, 24 ಅಂಗುಲಕ್ಕೆ 0.32, 30 ಅಂಗುಲಕ್ಕೆ 0.24. ಹಳೆಯ ಓರೆಯ ಲೆಕ್ಕ 20 ಸೆಂ.ಮೀ.ನಲ್ಲೇ ಸಿಗುತ್ತದೆಂದ 38 ಪ್ರತಿಶತ ಒತ್ತಡಕ್ಕೆ ಇಳಿಯಲು ಟಾಲ್ಬಟ್ಟರ ಪ್ರಕಾರ 52 ಸೆಂ.ಮೀ. ಆಳ ಬೇಕು. ಕಾಗದದ ಮೇಲೆ ಅಂದವಾಗಿ ಕಂಡ ಎರಡು ಓರೆಗೆರೆಗಳು ಮಣ್ಣಿನ ಮೇಲಿನ ನಿಜವಾದ ಹೊರೆಯನ್ನು ಮೂರು ಪಟ್ಟಿಗಿಂತ ಕಡಿಮೆ ಅಂದಾಜು ಮಾಡುತ್ತಿದ್ದವು.

ಅಮೆರಿಕದ ರೈಲ್ವೆ ಕೈಪಿಡಿಗಳು ಮುಂದೆ ಈ ಸೂತ್ರವನ್ನು ಅಳವಡಿಸಿಕೊಂಡವು. ಮರದ ಸ್ಲೀಪರಿನ ಕೆಳಗಿನ ಜಲ್ಲಿಗೆ ಚದರ ಅಂಗುಲಕ್ಕೆ 65 ಪೌಂಡ್, ಮಣ್ಣಿಗೆ 20 ಪೌಂಡ್ ಎಂಬ ಮಿತಿಗಳನ್ನು ಅವು ಇಟ್ಟುಕೊಂಡಿದ್ದವು. ಚದರ ಸೆಂಟಿಮೀಟರಿಗೆ ಹೇಳುವುದಾದರೆ ಇವು ಸುಮಾರು 4.6 ಮತ್ತು 1.4 ಕಿಲೋಗ್ರಾಂ. ಈ ಎರಡು ಮಿತಿಗಳನ್ನೂ ಸೂತ್ರದಲ್ಲಿ ಇಟ್ಟರೆ ಜಲ್ಲಿ ಹಾಗೂ ಅದರಡಿಯ ಗರಸು ಸೇರಿ ಸುಮಾರು 24.5 ಅಂಗುಲ, ಅಂದರೆ 62 ಸೆಂ.ಮೀ. ದಪ್ಪ ಬೇಕೆಂದು ತಿಳಿಯುತ್ತದೆ.

ಸೂತ್ರದ ಮಿತಿ ಮತ್ತು ನಂತರದ ವಿಧಾನಗಳು

ಈ ಸೂತ್ರಕ್ಕೆ ಮಣ್ಣಿನ ಪರಿಚಯವಿಲ್ಲ. ಒತ್ತಡ ಎಷ್ಟು ಬರುತ್ತದೆಂದು ಅದು ಹೇಳುತ್ತದೆ. ಮಣ್ಣು ಎಷ್ಟು ತಾಳುತ್ತದೆಂದು ಹೇಳುವುದಿಲ್ಲ. ಇದನ್ನು ಟಾಲ್ಬಟ್ಟರ ಕೊರತೆಯೆಂದು ಎಣಿಸಬಾರದು. ಕಾರ್ಲ್ ಟೆರ್ಜಾಗಿಯವರ ಗ್ರಂಥದಿಂದ ಮಣ್ಣಿನ ಯಂತ್ರಶಾಸ್ತ್ರ ಒಂದು ಶಾಸ್ತ್ರವಾಗಿ ರೂಪುಗೊಂಡದ್ದು 1925ರಲ್ಲಿ, ಎಂದರೆ ಟಾಲ್ಬಟ್ಟರ ಎರಡನೆಯ ವರದಿಗೆ ಐದು ವರ್ಷದ ನಂತರ. ಮಣ್ಣನ್ನು ಎಷ್ಟು ತೇವದಲ್ಲಿ ದಮ್ಮಸು ಮಾಡಿದರೆ ಅತಿ ಬಿಗಿಯಾಗುತ್ತದೆಂದು ತಿಳಿಸುವ ಪ್ರಾಕ್ಟರ್ ಪರೀಕ್ಷೆ ಬಂದದ್ದು 1933ರಲ್ಲಿ.

ಮಣ್ಣಿನ ಸ್ವಭಾವ ಎಷ್ಟು ಮುಖ್ಯವೆಂಬುದು ನಮ್ಮ ಸೀಮೆಯ ಉದಾಹರಣೆಯಿಂದ ಚೆನ್ನಾಗಿ ತಿಳಿಯುತ್ತದೆ. ಮೈಸೂರಿನಿಂದ ನಂಜನಗೂಡಿನ ತನಕ ಇದ್ದ ರೈಲು ಹಾದಿ ಚಾಮರಾಜನಗರವನ್ನು ಮುಟ್ಟಿದುದು ಟಾಲ್ಬಟ್ಟರು ನಿವೃತ್ತರಾದ 1926ರಲ್ಲಿಯೇ. ಅಲ್ಲಿಂದ ಪೂರ್ವಕ್ಕಿರುವ ಯಳಂದೂರು, ಕೊಳ್ಳೇಗಾಲ, ಹನೂರುಗಳಿಗೆ ಅದು ಬರಲಿಲ್ಲ. ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಬಂದುದು 1956ರಲ್ಲಿ. ಬೆಂಗಳೂರಿನ ಬಳಿಯ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳ ಮೂಲಕ ಚಾಮರಾಜನಗರ ಸೇರಬೇಕಾದ ಹಾದಿಯ ಮಾತು 1990ರ ದಶಕದಿಂದ ನಡೆದೇ ಇದೆ. ಈ ಊರುಗಳವರಿಗೆ ರೈಲು ಇನ್ನೂ ನಕ್ಷೆಯ ಮೇಲಿನ ಗೆರೆ.

ಆ ಗೆರೆಯ ಕೆಳಗಿನ ನೆಲ ಒಂದೇ ಬಗೆಯದಲ್ಲ. ಸುವರ್ಣಾವತಿ ಹೊಳೆಯ ಮತ್ತು ನಾಲೆಗಳ ಅಚ್ಚುಕಟ್ಟಿನ ಗದ್ದೆಬಯಲಿನಲ್ಲಿ ಅಲ್ಲಲ್ಲಿ ಎರೆಮಣ್ಣಿದೆ. ಬೇಸಗೆಯಲ್ಲಿ ಅದು ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಹನೂರಿನ ಮೇಡುಭೂಮಿಯ ಕೆಂಪು ಗರಸಿಗೆ ಈ ಚಾಳಿಯಿಲ್ಲ. ಒಂದೇ ರೈಲು, ಒಂದೇ ಜಲ್ಲಿ, ಒಂದೇ ದಪ್ಪ ಇಟ್ಟರೂ ಟಾಲ್ಬಟ್ಟರ ಸೂತ್ರ ಎರಡೂ ಕಡೆ ಒಂದೇ ಉತ್ತರ ಕೊಡುತ್ತದೆ. ಕೆಂಪು ನೆಲ ಆ ಒತ್ತಡವನ್ನು ಸಲೀಸಾಗಿ ಹೊರುತ್ತದೆ. ಎರೆನೆಲದಲ್ಲಿ ಮಳೆಗಾಲ ಬಂದಾಗ ಜಲ್ಲಿಯ ಕಲ್ಲು ಒಂದೊಂದಾಗಿ ಮಣ್ಣಿನೊಳಗೆ ಇಳಿಯುತ್ತದೆ. ಆದ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಪ್ರತಿ ಚಕ್ರ ಹಾಯ್ದಾಗಲೂ ಕೆಸರು ಪಿಚಕಾರಿಯಿಂದ ಚಿಮ್ಮಿದಂತೆ ಜಲ್ಲಿಯ ಸಂದಿಗೆ ಏರುತ್ತದೆ. ಕೆಸರು ತುಂಬಿದ ಜಲ್ಲಿಯಿಂದ ನೀರು ಬಸಿಯುವುದಿಲ್ಲ, ಹಳಿ ಒಂದು ಮಟ್ಟದಲ್ಲಿ ನಿಲ್ಲುವುದಿಲ್ಲ, ರೈಲಿನ ವೇಗವನ್ನು ತಗ್ಗಿಸಬೇಕಾಗುತ್ತದೆ. ಮೇಲೆ ಎಷ್ಟು ಹೊಸ ಜಲ್ಲಿ ಸುರಿದರೂ ಅದು ಅದೇ ಹೊಂಡಕ್ಕೆ ಹೋಗುತ್ತದೆ.

ಹೀಗಾಗಿ ನಂತರದವರು ಒತ್ತಡದ ಲೆಕ್ಕಕ್ಕೆ ಮಣ್ಣಿನ ಲೆಕ್ಕವನ್ನು ಕೂಡಿಸಿದರು. ಬ್ರಿಟಿಷ್ ರೈಲ್ವೆಯ ಸಂಶೋಧಕರು 1972ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಜೇಡಿಮಣ್ಣಿನ ಮಾದರಿಯ ಮೇಲೆ ಮತ್ತೆ ಮತ್ತೆ ಭಾರ ಹೇರಿ ಇಳಿಸಿ, ಯಾವ ಒತ್ತಡ ಮೀರಿದರೆ ಅದು ನಿಲ್ಲದೆ ಕುಸಿಯುತ್ತಾ ಹೋಗುತ್ತದೆಂಬ ಹೊಸ್ತಿಲನ್ನು ಕಂಡುಹಿಡಿಯುತ್ತಾರೆ. ಮಣ್ಣಿಗೆ ತಲಪುವ ಒತ್ತಡ ಆ ಹೊಸ್ತಿಲಿನ ಒಳಗಿರುವಂತೆ ಪದರಗಳ ದಪ್ಪವನ್ನು ನಿರ್ಧರಿಸುತ್ತಾರೆ. 1998ರಲ್ಲಿ ಡಿಂಗ್‌ಕಿಂಗ್ ಲೀ ಮತ್ತು ಅರ್ನೆಸ್ಟ್ ಸೆಲಿಗ್ ಎಂಬವರು ಮಂಡಿಸಿದ ವಿಧಾನ, ಹಾದಿಯ ಮೇಲೆ ವರ್ಷಗಟ್ಟಲೆ ಸಾಗುವ ಒಟ್ಟು ಸರಕಿನ ಭಾರವನ್ನೂ ಗಣನೆಗೆ ತೆಗೆದುಕೊಂಡಿತು. ಟಾಲ್ಬಟ್ಟರ ಸೂತ್ರದಲ್ಲಿ ದಿನಕ್ಕೆ ಒಂದು ರೈಲು ಓಡುವ ಹಾದಿಗೂ ನೂರು ಓಡುವ ಹಾದಿಗೂ ವ್ಯತ್ಯಾಸವಿರಲಿಲ್ಲ.

ಭಾರತೀಯ ರೈಲ್ವೆಯಲ್ಲಿ ಬ್ರಾಡ್‌ಗೇಜ್ ಹಾದಿಯ ಸ್ಲೀಪರಿನ ಕೆಳಗೆ ಸಾಮಾನ್ಯವಾಗಿ 30ರಿಂದ 35 ಸೆಂ.ಮೀ. ಜಲ್ಲಿ ಇರುತ್ತದೆ. ಮೇಲಿನ ಲೆಕ್ಕದಂತೆ 30 ಸೆಂ.ಮೀ. ಆಳದಲ್ಲಿ ಮುಕ್ಕಾಲು ಪಾಲು ಒತ್ತಡ ಉಳಿದೇ ಇರುತ್ತದೆ. ಅದಕ್ಕಾಗಿಯೇ ಜಲ್ಲಿಗೂ ಮಣ್ಣಿಗೂ ನಡುವೆ ಬ್ಲಾಂಕೆಟ್ ಎಂದು ಕರೆಯುವ, ಒರಟು ಕಣಗಳ ಪದರವೊಂದನ್ನು ಹಾಸುತ್ತಾರೆ. ಅದು ಒತ್ತಡವನ್ನು ತಗ್ಗಿಸುವುದರೊಂದಿಗೆ ಕೆಸರು ಮೇಲೇರದಂತೆ ಸೋಸುವ ಜರಡಿಯೂ ಆಗಿದೆ. ಲಖನೌದಲ್ಲಿರುವ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ 2003ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬಂಡೆಯ ನೆಲಕ್ಕೆ ಬ್ಲಾಂಕೆಟ್ ಬೇಡ. ಮಣ್ಣು ನಯವಾದಷ್ಟೂ ಅದು ದಪ್ಪವಾಗಬೇಕು, ಒಂದು ಮೀಟರಿನವರೆಗೂ. 2020ರಲ್ಲಿ ಈ ಮಾರ್ಗಸೂಚಿಗಳನ್ನು ಪರಿಷ್ಕರಿಸಿ ಒಂದೆಡೆ ತರಲಾಗಿದೆ. ಕಟ್ಟುವಾಗ ಮಣ್ಣಿನ ಬಿಗಿತವನ್ನು ಮರಳು ತುಂಬಿಸುವ ವಿಧಾನದಿಂದಲೂ, ಅದು ಭಾರ ಹೊರುವ ಶಕ್ತಿಯನ್ನು ಉಕ್ಕಿನ ತಟ್ಟೆಯಿಟ್ಟು ಒತ್ತುವ ಪರೀಕ್ಷೆಯಿಂದಲೂ ಪರಿಶೀಲಿಸುತ್ತಾರೆ. ಹಳೆಯ ಹಾದಿಯ ಕೆಳಗಿನ ಹೊಂಡಗಳನ್ನು ಅಗೆಯದೆಯೇ ಪತ್ತೆ ಮಾಡಲು ನೆಲದೊಳಗೆ ನೋಡಬಲ್ಲ ರೇಡಾರ್ ಈಗ ಬಂದಿದೆ.

ಸೂತ್ರವನ್ನು ಮಾತ್ರ ಯಾರೂ ಕೈಬಿಟ್ಟಿಲ್ಲ. ಮಣ್ಣಿನ ಅಳತೆ ದೊರೆತ ಮೇಲೆ, ಅದರೊಡನೆ ಹೋಲಿಸಲು ಒತ್ತಡದ ಮೊದಲ ಅಂದಾಜನ್ನು ಇಂದಿಗೂ ಅನೇಕರು ಅದರಿಂದಲೇ ಪಡೆಯುತ್ತಾರೆ.

ಕುಟುಂಬ, ಗೌರವಗಳು ಮತ್ತು ಕೊನೆಯ ವರ್ಷಗಳು

ಟಾಲ್ಬಟ್ಟರ ಮಗಳು ರೇಚಲ್ ಅವರನ್ನು ವಿವಾಹವಾದವರು ಡೆನ್ಮಾರ್ಕಿನಿಂದ ಬಂದು ಇಲಿನಾಯ್‌ನಲ್ಲಿ ನೆಲೆಸಿದ್ದ ಹೆರಾಲ್ಡ್ ವೆಸ್ಟರ್‌ಗಾರ್ಡ್. ಕಾಂಕ್ರೀಟು ರಸ್ತೆಯ ಹಾಸು ಮಣ್ಣಿನ ಮೇಲೆ ಹೇಗೆ ಭಾರ ಹೊರುತ್ತದೆಂಬ ವಿಶ್ಲೇಷಣೆಗೆ ಅವರ ಹೆಸರು ಪ್ರಸಿದ್ಧವಾಗಿದೆ. ಹಳಿಯ ಕೆಳಗಿನ ನೆಲವನ್ನು ಮಾವನೂ ರಸ್ತೆಯ ಕೆಳಗಿನ ನೆಲವನ್ನು ಅಳಿಯನೂ ಅಧ್ಯಯನ ಮಾಡಿದಂತಾಯಿತು.

ಟಾಲ್ಬಟ್ಟರು 1918ರಲ್ಲಿ ಅಮೆರಿಕದ ಸಿವಿಲ್ ಇಂಜಿನಿಯರುಗಳ ಸಂಘದ ಅಧ್ಯಕ್ಷರಾಗಿದ್ದರು. ವಸ್ತುಪರೀಕ್ಷೆಯ ಹಾಗೂ ಇಂಜಿನಿಯರಿಂಗ್ ಶಿಕ್ಷಣದ ಸಂಘಗಳಿಗೂ ಅಧ್ಯಕ್ಷರಾಗಿ ಕೆಲಸ ಮಾಡಿದ್ದರು. 1937ರಲ್ಲಿ ಇಂಜಿನಿಯರಿಂಗ್ ಕ್ಷೇತ್ರದ ಅತ್ಯುನ್ನತ ಪುರಸ್ಕಾರಗಳಲ್ಲಿ ಒಂದಾದ ಜಾನ್ ಫ್ರಿಟ್ಜ್ ಪದಕ ಅವರಿಗೆ ಸಂದಿತು.

ನಿವೃತ್ತಿಯಿಂದ ಅವರ ಕೆಲಸ ನಿಲ್ಲಲಿಲ್ಲ. ಬೋಧನೆಯ ಹೊಣೆ ಕಳೆದ ಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹಾದಿಯ ಒತ್ತಡಗಳ ಅಧ್ಯಯನವನ್ನು ಮುಂದುವರಿಸಿದರು. ಹಳಿಗಳ ಜೋಡಣೆಯ ಸ್ಥಳದಲ್ಲಿ ಉಂಟಾಗುವ ಒತ್ತಡಗಳು ಆ ಅವಧಿಯ ವಿಷಯಗಳಲ್ಲೊಂದು. 1938ರಲ್ಲಿ ವಿಶ್ವವಿದ್ಯಾಲಯವು ತನ್ನ ವಸ್ತುಪರೀಕ್ಷಾ ಪ್ರಯೋಗಶಾಲೆಗೆ ಟಾಲ್ಬಟ್ ಪ್ರಯೋಗಶಾಲೆ ಎಂದು ಅವರ ಹೆಸರನ್ನಿಟ್ಟಿತು. 30 ಲಕ್ಷ ಪೌಂಡ್, ಅಂದರೆ ಸುಮಾರು 1,360 ಟನ್ ಬಲದಿಂದ ಒತ್ತಬಲ್ಲ ಪರೀಕ್ಷಾಯಂತ್ರ ಆ ಕಟ್ಟಡದಲ್ಲಿತ್ತು. 1942ರ ಏಪ್ರಿಲ್ 3ರಂದು, ತಮ್ಮ 84ನೆಯ ವಯಸ್ಸಿನಲ್ಲಿ ಟಾಲ್ಬಟ್ಟರು ನಿಧನರಾದರು.